ಎಂಟು ಕಿಲೋಮೀಟರ್

"ಸ್ಪೀಡಿನ ಮಾತು ಬಿಡಿ. ಹತ್ತು ನಿಮಿಷದಲ್ಲಿ ಎಷ್ಟು ದೂರ ಹೋಗುತ್ತೆ, ಅದನ್ನ ಹೇಳಿ," ಅಂದ ಲಿಫ್ಟಣ್ಣ.

ಬೈಕ್ ಶೋರೂಮಿನ ಅಡ್ವೈಸರ್ ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಒರಗಿದ. ಅರ್ಧ ಗಂಟೆಯಿಂದ ಅವನು ಇಂಜಿನ್ನಿನ ಪವರ್ ಕಿಟ್ ಬಗ್ಗೆ ಬಾಯಿ ನೋಯುವಷ್ಟು ಹೇಳಿದ್ದ. ಹೊಸ ಏರ್ ಫಿಲ್ಟರ್, ಹೊಸ ಸೈಲೆನ್ಸರ್, ಗಾಡಿಯ ಕಂಪ್ಯೂಟರಿನಲ್ಲಿ ಒಂದಿಷ್ಟು ಬದಲಾವಣೆ. ಹೊರಗಿನ ಗ್ಯಾರೇಜಿನಲ್ಲಿ ಹಾಕಿಸಿದರೆ ವಾರಂಟಿ ಹೋಗುತ್ತೆ, ಇಲ್ಲೇ ಹಾಕಿಸಿದರೆ ಹೋಗಲ್ಲ. ಬರುವ ಗಿರಾಕಿಗಳೆಲ್ಲ ಟಾಪ್ ಸ್ಪೀಡ್ ಕೇಳುತ್ತಾರೆ, ಇಲ್ಲವೇ ಸದ್ದು ಹೇಗಿರುತ್ತೆ ಅಂತ ಕೇಳುತ್ತಾರೆ. ಈ ನಲವತ್ತೇಳು ವರ್ಷದ ಮನುಷ್ಯ ಬಂದಾಗಿನಿಂದ ಹತ್ತು ನಿಮಿಷ, ಹತ್ತು ನಿಮಿಷ ಅಂತ ಒಂದೇ ರಾಗ ಎಳೆಯುತ್ತಿದ್ದ.

"ಪಿಕಪ್ ಚೆನ್ನಾಗಾಗುತ್ತೆ ಸರ್. ಆದ್ರೆ ಸಿಗ್ನಲ್ಲು, ಟ್ರಾಫಿಕ್ಕು ನಮ್ಮ ಕೈಲಿಲ್ಲ ನೋಡಿ. ನೀವು ಹೋಗ್ಬೇಕಾಗಿರೋದು ಎಲ್ಲಿಗೆ?"

"ಹೋಗೋದಲ್ಲ. ವಾಪಸ್ ಬರೋದು."

ಅವನ ಕೆಲಸವೇ ಅಂಥದ್ದು. ಐದು ಅಂತಸ್ತಿನ ಆಸ್ಪತ್ರೆ, ಎರಡು ಲಿಫ್ಟು, ನೋಡಿಕೊಳ್ಳುವುದಕ್ಕೆ ಇವನೊಬ್ಬನೇ, ಅದಕ್ಕೇ ಎಲ್ಲರಿಗೂ ಲಿಫ್ಟಣ್ಣ. ಲಿಫ್ಟು ನಿಂತರೆ ಹತ್ತು ನಿಮಿಷದೊಳಗೆ ಬರಬೇಕು ಅಂತ ಕರಾರು. ಹನ್ನೊಂದು ವರ್ಷದಿಂದ ಆ ಹತ್ತು ನಿಮಿಷದ ಬೇಲಿಯೊಳಗೇ ಅವನ ಸಂಸಾರ. ಆಚೆ ಮದುವೆಯಾದರೆ ಹೆಂಡತಿ ಹೋಗಿಬರುತ್ತಾಳೆ, ಸಾವಾದರೂ ಅವಳೇ. ರಜೆ ಕೇಳಿದರೆ ಮ್ಯಾನೇಜರು ನಗುತ್ತಲೇ, "ಬದಲಿಗೆ ಒಬ್ಬರನ್ನ ತಂದು ಕೂರಿಸಿ ಹೋಗ್ರೀ," ಅನ್ನುತ್ತಾರೆ. ಎಲ್ಲಿಂದ ತರುವುದು? ಫೋನು ಬಡಿದುಕೊಂಡ ಕೂಡಲೇ ಎತ್ತಿಬಿಡುತ್ತಾನಾದ್ದರಿಂದ ಆ ಫೋನಿನ ಹಾಡನ್ನು ಮೊದಲ ಸಾಲಿನಾಚೆಗೆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಮಗಳು ಅದನ್ನೇ ಹೇಳಿಕೊಂಡು ನಗುತ್ತಿರುತ್ತಾಳೆ.

ಬರೀ ಕರಾರಾಗಿದ್ದರೆ ಎಂದೋ ಮುರಿದುಬಿಡುತ್ತಿದ್ದನೇನೋ. ನಾಲ್ಕು ವರ್ಷದ ಹಿಂದೆ ಒಮ್ಮೆ ಮುರಿದಿದ್ದ ಕೂಡ. ಭಾವನ ಮನೆಗೆ ಊಟಕ್ಕೆ ಹೋದವನು ಬಂದು ಮುಟ್ಟಲು ಇಪ್ಪತ್ತಾರು ನಿಮಿಷವಾಗಿತ್ತು. ನಿಂತ ಲಿಫ್ಟಿನ ಬಾಗಿಲು ತೆಗೆದಾಗ ಒಳಗೊಬ್ಬ ಮುದುಕ, ಸ್ಟ್ರೆಚರಿನ ಮೇಲೆ ಅವನ ಹೆಂಡತಿ. ಬಾಗಿಲು ಬಡಿದು ಬಡಿದು ಮುದುಕನ ಅಂಗೈ ಊದಿಕೊಂಡಿತ್ತು. ಬೈಯಲಿಲ್ಲ. "ಬಂದ್ಯೇನಪ್ಪಾ," ಅಂದ, ಅಷ್ಟೇ. ಆ ಹೆಂಗಸು ಉಳಿದುಕೊಂಡಳು. ಆದರೆ ಆ ಒಂದು ಮಾತು ಇವನನ್ನು ಕಟ್ಟಿಹಾಕಿದಷ್ಟು ಯಾವ ಕರಾರೂ ಕಟ್ಟಿಹಾಕಿಲ್ಲ.

ಈಗ ಮಗಳಿಗೆ ಹದಿನೈದು. ಲಾಂಗ್ ಜಂಪ್‌ನಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಾಳೆ, ಭಾನುವಾರ ಹತ್ತೂವರೆಗೆ ದೊಡ್ಡ ಪಂದ್ಯ. ಅವಳು ಹಾರುವುದನ್ನು ಅಪ್ಪ ಅನ್ನಿಸಿಕೊಂಡವನು ಒಂದು ಸಲವೂ ನೋಡಿಲ್ಲ. ಮೈದಾನ ಆಸ್ಪತ್ರೆಯಿಂದ ಎಂಟು ಕಿಲೋಮೀಟರ್. ಇವನ ಗಾಡಿಯಲ್ಲಿ ಹನ್ನೊಂದು ನಿಮಿಷ ನಲವತ್ತು ಸೆಕೆಂಡ್. ಆ ನೂರು ಸೆಕೆಂಡನ್ನು ಇಂಜಿನ್ನಿನಿಂದ ಹಿಂಡಿ ತೆಗೆಯಬಹುದೇ ಅನ್ನುವುದೇ ಇವನ ಲೆಕ್ಕಾಚಾರ. "ರಜಕ್ಕೆ ಜಗಳ ಆಡಿ ಅಂದ್ರೆ ಸೈಲೆನ್ಸರ್ ಹಾಕಿಸ್ತೀನಿ ಅಂತೀರಲ್ಲ, ನಿಮಗೇನು ತಲೆಗಿಲೆ ಕೆಟ್ಟಿದೆಯಾ?" ಅಂದಿದ್ದಳು ಹೆಂಡತಿ. ಅವಳು ಹೇಳಿದ್ದೂ ಸುಳ್ಳಲ್ಲ.

"ಕಿಟ್ ಹಾಕಿರೋ ಡೆಮೊ ಗಾಡಿ ಇದೆ, ನೀವೇ ಓಡಿಸಿ ನೋಡಿ," ಅಂದ ಅಡ್ವೈಸರ್. "ಅರ್ಧ ಮುಕ್ಕಾಲು ಗಂಟೇಲಿ ತಂದುಬಿಡಿ."

ಅಂದು ಲಿಫ್ಟುಗಳ ವರ್ಷದ ತಪಾಸಣೆ. ಕಂಪನಿಯವನು ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲೇ ಇರುತ್ತಾನೆ, ವರ್ಷಕ್ಕೆ ಸಿಗುವ ಬಿಡುವು ಅದೊಂದೇ. ಲಿಫ್ಟಣ್ಣ ಶೋರೂಮಿನ ಹೆಲ್ಮೆಟ್ ಹಾಕಿಕೊಂಡು ಹೊರಟ. ಆಕ್ಸಿಲರೇಟರ್ ತಿರುಗಿಸುವುದೇ ತಡ, ಗಾಡಿ ನುಗ್ಗಿತು. ದೊಡ್ಡ ಪೆಟ್ರೋಲ್ ಬಂಕ್ ಬಂದಾಗ ಕೈ ತಾನಾಗಿ ವೇಗ ಇಳಿಸಿತು, ಬಲಗಡೆಯ ಇಂಡಿಕೇಟರೂ ಬಿತ್ತು. ಆಸ್ಪತ್ರೆಯಿಂದ ಅವನ ಗಾಡಿಯ ಹತ್ತು ನಿಮಿಷ ಅಲ್ಲಿಗೆ ಮುಗಿಯುತ್ತದೆ, ಅಲ್ಲಿಂದ ತಿರುಗಿಯೇ ಅವನಿಗೆ ಅಭ್ಯಾಸ. ಅರ್ಧ ತಿರುಗಿದ ಮೇಲೆ ಎಚ್ಚರವಾಗಿ, ತನ್ನನ್ನೇ ಬೈದುಕೊಂಡು ಮತ್ತೆ ನೇರ ಹೋದ.

ಮೈದಾನದ ತಂತಿಬೇಲಿಯ ಪಕ್ಕ ಗಾಡಿ ನಿಲ್ಲಿಸಿದಾಗ ಹತ್ತೂ ಇಪ್ಪತ್ತೇಳು. ಪಂದ್ಯ ಹತ್ತಿರ ಬಂತೆಂದು ಮಕ್ಕಳಿಗೆ ಬೆಳಿಗ್ಗೆಯೂ ಪ್ರಾಕ್ಟೀಸ್ ಇತ್ತು. ಮರಳಿನ ಗುಂಡಿಯ ಹತ್ತಿರ ನಾಲ್ಕೈದು ಹುಡುಗಿಯರು, ಸೀಟಿ ಹಿಡಿದ ಮೇಷ್ಟ್ರು. ಮಗಳನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮನೆಯಲ್ಲಿ ಬೆನ್ನು ಬಗ್ಗಿಸಿ ಓಡಾಡುವ ಹುಡುಗಿ ಇಲ್ಲಿ ನೆಟ್ಟಗೆ, ಎತ್ತರವಾಗಿ ಕಾಣುತ್ತಿದ್ದಳು. ಓಟದ ಗುರುತಿನ ಮೇಲೆ ನಿಂತು ಒಮ್ಮೆ ಬೇಲಿಯ ಕಡೆ ನೋಡಿದಳು. ಅವನು ಹೆಲ್ಮೆಟ್ ತೆಗೆಯಲಿಲ್ಲ. ಹೆಮ್ಮೆಯೋ ನಾಚಿಕೆಯೋ, ಎರಡೂ ಇತ್ತು.

ಕೈಗಡಿಯಾರ ಹತ್ತೂವರೆ ಮುಟ್ಟಿತು. ಭಾನುವಾರದ ಹೊತ್ತು ಅದೇ, ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಒಂದು ನಿಮಿಷ ತಡೆದು ಹೊರಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ಸೆಕೆಂಡು ಎಣಿಸಿದ ಮನುಷ್ಯನಿಗೆ ಅದು ಹೊಳೆಯಬೇಕಲ್ಲ. ಮಗಳು ಒಂದು ಕೈ ಮೇಲೆತ್ತಿದಳು. ಅವನು ಗಡಿಯಾರದ ಗುಂಡಿ ಒತ್ತಿ, ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟ.

ಆಸ್ಪತ್ರೆಯ ಗೇಟಿಗೆ ಹತ್ತು ನಿಮಿಷ ಐವತ್ತು ಸೆಕೆಂಡ್. ಎರಡು ಸಿಗ್ನಲ್ಲು ಹಸಿರು ಸಿಕ್ಕಿಯೂ ಅಷ್ಟು. ಶೋರೂಮಿಗೆ ಬರುವಷ್ಟರಲ್ಲಿ ಉಳಿದ ಐವತ್ತು ಸೆಕೆಂಡನ್ನೂ ಮನಸ್ಸಿನಲ್ಲೇ ಸರಿದೂಗಿಸಿಕೊಂಡಿದ್ದ. ಟೂಲ್ ಬ್ಯಾಗನ್ನು ಆಸ್ಪತ್ರೆಯಲ್ಲೇ ಬಿಡುವುದು, ಗಾಡಿಯನ್ನು ಮುಖ ತಿರುಗಿಸಿಯೇ ನಿಲ್ಲಿಸುವುದು, ಹೆಲ್ಮೆಟ್ ತೆಗೆಯದೇ ಇರುವುದು.

"ಹೇಗಿದೆ ಸರ್? ಹಾಕೋಣ್ವಾ?"

"ಹಾಕಿ."

ಅಡ್ವೈಸರ್ ಫಾರಂ ಮುಂದೆ ತಳ್ಳಿದ. ಶನಿವಾರ ಬೆಳಿಗ್ಗೆ ಗಾಡಿ ಬಿಟ್ಟರೆ ಸಂಜೆಗೆ ರೆಡಿ. ಅಂದು ಒಂದು ದಿನಕ್ಕೆ ಪಕ್ಕದ ಮನೆಯ ಸ್ಕೂಟರು. ಲಿಫ್ಟಣ್ಣ ಮೂರು ಕಡೆ ಸಹಿ ಹಾಕಿದ.

ಸಂಜೆ ಮನೆಗೆ ಬಂದಾಗ ಹೆಂಡತಿ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮಗಳು ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಕೂತಿದ್ದಳು. ಹೊಸ್ತಿಲ ಒಳಗೆ ಒಂದು ಗೆರೆ, ಹಜಾರ ದಾಟಿ ಅಡುಗೆಮನೆಯ ಗ್ಯಾಸ್ ಕಟ್ಟೆಯ ಕೆಳಗೆ ಇನ್ನೊಂದು.

"ನಾಲ್ಕು ಮೀಟರ್ ಎಂಬತ್ತು, ಅಪ್ಪ. ಇಷ್ಟು ಯಾವತ್ತೂ ಹಾರಿರ್ಲಿಲ್ಲ ನಾನು."

"ಇವತ್ತಾ? ಯಾವಾಗ?"

"ಬೆಳಿಗ್ಗೆ, ಹತ್ತೂವರೆ ಇರ್ಬೇಕು. ಯಾರೋ ಬೈಕಿನವರು ಬೇಲಿ ಹತ್ರ ನಿಂತಿದ್ರು. ಒಬ್ರಾದ್ರೂ ನೋಡ್ತಿದಾರಲ್ಲ ಅಂತ ಖುಷಿಯಾಗಿ ಕೈ ಎತ್ತಿ ಓಡೋಕೆ ಶುರು ಮಾಡ್ದೆ. ಅಷ್ಟರಲ್ಲಿ ಹೊರಟೇ ಹೋದ್ರು." ಅವಳು ನಕ್ಕಳು. "ಸಿಟ್ಟಿಗೇ ಅಷ್ಟು ದೂರ ಹಾರಿದ್ನೋ ಏನೋ."

ಅವನಿಗೆ ಹೆಲ್ಮೆಟ್ಟನ್ನು ಎಲ್ಲಿಡಬೇಕು ಅನ್ನುವುದೇ ತೋಚಲಿಲ್ಲ. "ಭಾನುವಾರ ಬಾ ಅಂತ ನನ್ನ ಕರೀಲೇ ಇಲ್ವಲ್ಲ ನೀನು," ಅಂದ.

"ಕರೆದ್ರೆ ನಿಂಗೆ ಬೇಜಾರಾಗುತ್ತೆ ಅಂತ ಬಿಟ್ಟೆ, ಅಪ್ಪ."

ಆಗ ಫೋನು ಬಡಿದುಕೊಂಡಿತು. ಆಸ್ಪತ್ರೆಯದೇ. ಕೈ ಜೇಬಿಗೆ ಹೋಯಿತು, ಫೋನು ಹೊರಗೆ ಬಂತು, ಬೆರಳು ಮಾತ್ರ ಏಳಲಿಲ್ಲ. ಅವನು ಹೊಸ್ತಿಲ ಗೆರೆಯ ಹತ್ತಿರ ನಿಂತು ಗ್ಯಾಸ್ ಕಟ್ಟೆಯ ಕೆಳಗಿನ ಗೆರೆಯನ್ನೇ ನೋಡುತ್ತಿದ್ದ. ಹಾಡು ಮೊದಲ ಸಾಲು ದಾಟಿ ಎರಡನೆಯದಕ್ಕೆ ಹೋಯಿತು.

ಮಗಳು ತಲೆ ಎತ್ತಿ ಕಿವಿಗೊಟ್ಟಳು. "ಓ, ಮುಂದೆ ಹೀಗಿದೆಯಾ ಈ ಹಾಡು."

ಅವನು ಫೋನು ಎತ್ತಿದ. "ಬಂದೆ," ಅಂದ. ಹೆಲ್ಮೆಟ್ ತಲೆಗೇರಿಸಿಕೊಂಡು, ಗೆರೆ ಅಳಿಸದ ಹಾಗೆ ದೊಡ್ಡ ಹೆಜ್ಜೆ ಹಾಕಿ ಹೊಸ್ತಿಲು ದಾಟಿದ.