ಸೈಲೋಸಿಯ ಮನೆಯವರು

ಫಿಜಿಯ ಸಿಪಾಯಿ ಸೈಲೋಸಿ ಬಾಂಬಿಗೆ ಸಿಕ್ಕಿ ಸತ್ತಾಗ, ನಾನು ನನ್ನ ರೊಟ್ಟಿ ಅಂಗಡಿಯ ಮುಂದೆ, ಸಾವಿನ ಮನೆಯಲ್ಲಿ ಹಾಕುವಂತೆ, ಸಂತಾಪಕ್ಕೆ ಬರುವವರಿಗೆ ಕುರ್ಚಿ ಹಾಕಿಸಿದೆ.

ದಕ್ಷಿಣ ಲೆಬನಾನಿನ ನಮ್ಮೂರಿಗೆ ಅವನಿದ್ದ ಶಾಂತಿಪಡೆ ಬಂದು ಎಂಟು ವರ್ಷವಾಗಿತ್ತು. ಅವರ ಮೇಲೆ ಇದು ಮೂರನೆಯ ದಾಳಿ. ಮೊದಲು ಸೇತುವೆಯ ಹತ್ತಿರ ಗುಂಡು, ಆಮೇಲೆ ಹೊಗೆಸೊಪ್ಪಿನ ಹೊಲದ ದಾರಿಯಲ್ಲಿ ಹೂತಿಟ್ಟ ಬಾಂಬು, ಈಗ ಸೈಲೋಸಿಯನ್ನು ಕೊಂದ ಈ ಬಾಂಬು. ಯಾವನೋ ಇಟ್ಟು ಹೋದ, ಹೆಸರು ಕೆಟ್ಟಿದ್ದು ನಮ್ಮದು. ಈ ಸಲ ಕ್ಯಾಂಪಿನ ಮೇಜರ್, ಊರಿನವರ ಕೈಯಿಂದ ನೀರೂ ಮುಟ್ಟಬಾರದೆಂದು ಅಪ್ಪಣೆ ಮಾಡಿದ.

ಊರ ಮುಖ್ಯಸ್ಥ ಅಸ್ಸಾಫ್ ಓಡಿ ಬಂದ.

"ಸಿಹಾಮ್, ತಲೆ ನೆಟ್ಟಗಿದೆಯೇನಮ್ಮಾ? ಅವ್ನೇನು ನಿನ್ನ ತಮ್ಮನಾ?"

"ದಿನಾ ಬೆಳಿಗ್ಗೆ ಬಂದು ರೊಟ್ಟಿ ತಿಂದು, 'ಅಮ್ಮಾ, ಉಪ್ಪು ಕಮ್ಮಿ' ಅಂತಿದ್ದ. ನನ್ನ ತಮ್ಮ ಹಬ್ಬಕ್ಕೂ ಬರಲ್ಲ."

"ಬಾಂಬಿಟ್ಟವರು ನೋಡ್ತಿರ್ತಾರೆ."

"ನೋಡ್ಲಿ. ಬಂದ್ರೆ ಅವ್ರಿಗೂ ಸಾವಿನ ಮನೆಯ ಕಹಿ ಕಾಫಿ ಕೊಡ್ತೀನಿ. ನೀವು ಕೂತ್ಕೊಳ್ತೀರೋ, ಹೋಗ್ತೀರೋ?"

ಗೊಣಗುತ್ತಾ ಕೂತ. ಅವನನ್ನು ನೋಡಿ ಊರಿನ ಉಳಿದವರೂ ಕೂತರು.

ನಮ್ಮಲ್ಲಿ ಸಂತಾಪ ಮೂರೇ ದಿನ. ಅಷ್ಟರಲ್ಲಿ ಕ್ಯಾಂಪಿನಿಂದ ಒಬ್ಬನಾದರೂ ಬಂದು ನಮ್ಮ ಕೈ ಹಿಡಿಯದಿದ್ದರೆ, ನಾವು ಸೈಲೋಸಿಯ ಮನೆಯವರಲ್ಲ, ಕೊಂದವರು ಎಂದೇ ಆಗುತ್ತಿತ್ತು. ಎರಡು ದಿನ ನೊಣ ಬಿಟ್ಟರೆ ಯಾರೂ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಜೀಪು ನಿಂತಿತು. ಸೈಲೋಸಿಯ ಗೆಳೆಯ ವಿಲಿಯಮೆ, ಬಾಗಿಲಷ್ಟು ಅಗಲದ ಆಳು, ಸುತ್ತಿದ ಚಾಪೆಯೊಂದನ್ನು ಎದೆಗವಚಿಕೊಂಡು ಇಳಿದ. ನನ್ನ ಕಾಲ ಬಳಿ ಚಾಪೆ ಇಟ್ಟು ನೆಲದ ಮೇಲೇ ಕೂತ.

"ನಮ್ಮ ಕಡೆ ಸಾವಿನ ಮನೆಗೆ ಬರಿಗೈಲಿ ಹೋಗಲ್ಲಮ್ಮಾ, ಚಾಪೆ ಕೊಡ್ತೀವಿ. ಅವನು ನಿಮ್ಮನ್ನ ಅಮ್ಮ ಅಂತಿದ್ದನಲ್ಲ, ಅದಕ್ಕೆ ನಿಮಗೇ ತಂದೆ."

ಚಾಪೆ ಎತ್ತಿ ಮಡಿಲಲ್ಲಿಟ್ಟುಕೊಂಡೆ. ಕೋಪವೂ ಬಂತು.

"ಮೂರು ದಿನ ಬೇಕಾಯ್ತೇನೋ? ನಿಮ್ಮ ಮೇಜರ್ ಎಲ್ಲಿ ಸತ್ತ?"

"ಜೀಪಲ್ಲೇ ಇದಾರೆ. ಇಳಿಯೋಕೆ ನಾಚಿಕೆ."

ನಾಚಿಕೆಯಂತೆ! ಹೋಗಿ ಬಾಗಿಲು ತೆಗೆದು ತೋಳು ಹಿಡಿದು ಎಳೆದೆ. ಮೇಜರ್ ಟೋಪಿ ತೆಗೆದ. ಸಾಲಿನ ತುದಿಯಿಂದ ಶುರುಮಾಡಿ ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದ. ಅಸ್ಸಾಫನ ಬಳಿ ಬಂದಾಗ, ಅವನೇನು ನಿನ್ನ ತಮ್ಮನಾ ಎಂದು ಕೇಳಿದ್ದ ಆ ಮುದುಕ, ಮೇಜರನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕತೊಡಗಿದ.