ಅರೆಬೆಂದ ಪುಡಿ

"ಮಾಯ! ನೋಡಿ ಯಜಮಾನರೇ, ಬಣ್ಣ ಮಾಯ!" ಪ್ರೊಫೆಸರ್ ದೀಪದಡಿಯಿದ್ದ ಗಾಜಿನ ಲೋಟವನ್ನು ಮೇಲೆತ್ತಿದರು. ಆಗತಾನೇ ಕಡುನೀಲಿಯಾಗಿದ್ದ ನೀರು ಈಗ ತಿಳಿಯಾಗಿತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಯಜಮಾನ ಬಾಯಿ ಬಿಟ್ಟುಕೊಂಡು ನೋಡಿದ. ಲೋಟದ ತಳ ಮಾತ್ರ ಅವನಿಗೆ ಕಾಣುವ ಹಾಗಿರಲಿಲ್ಲ. ಪ್ರೊಫೆಸರರ ಅಂಗೈ ಅದನ್ನು ಭದ್ರವಾಗಿ ಮುಚ್ಚಿತ್ತು.

ಮೂಲೆಯಲ್ಲಿ ನಿಂತಿದ್ದ ಶಿಷ್ಯೆಗೆ ಮೈಯೆಲ್ಲ ಉರಿದುಹೋಯಿತು. ಆ ನೀರಿಗೆ ಹಾಕಿದ್ದ ಪುಡಿಗಾಗಿ ಸತು, ಟೈಟಾನಿಯಂ ಎರಡರ ಆಕ್ಸೈಡನ್ನೂ ಬೆರೆಸಿ, ಅರೆದು, ಕುಲುಮೆಗಿಟ್ಟವಳು ಅವಳು. ಚೆನ್ನಾಗಿ ಬೆಂದರೆ ಆ ಪುಡಿ ಬೆಳಕಿನಲ್ಲಿ ಬಣ್ಣವನ್ನು ಸುಟ್ಟುಹಾಕುತ್ತದೆ. ಬೇಯದಿದ್ದರೆ ಸುಮ್ಮನೆ ನುಂಗಿಕೊಂಡು ಕೂರುತ್ತದೆ, ಅಷ್ಟೆ. ಯಜಮಾನರು ಬರುವ ಹೊತ್ತಾಯಿತೆಂದು ಈ ಮಹಾನುಭಾವರು ಅರ್ಧಕ್ಕೇ ಕುಲುಮೆ ಆರಿಸಿದ್ದರು. "ಇನ್ನೂ ಬೆಂದಿಲ್ಲ ಸರ್" ಅಂದದ್ದಕ್ಕೆ, "ಅಡುಗೆಮನೆ ಮಾತೆಲ್ಲ ಇಲ್ಲಿ ಬೇಡಮ್ಮ" ಎಂದು ನಕ್ಕಿದ್ದರು.

"ಕೆಲಸ ಮುಗಿದ ಪುಡೀನ ಏನ್ಮಾಡೋದು?" ಯಜಮಾನ ಕೇಳಿದ.

"ಕಾರ್ಖಾನೆ ಹಿಂದಿನ ಗುಂಡಿಗೆ ಸುರೀರಿ. ಬರೀ ಮಣ್ಣಿದ್ದ ಹಾಗೆ."

ಆ ಗುಂಡಿಯ ಪಕ್ಕದಲ್ಲೇ ಅವಳ ಅಕ್ಕನ ಮನೆ, ಅಕ್ಕನ ಬಾವಿ. ಈಗಲೇ ಆ ನೀರಿನಲ್ಲಿ ಒಗೆದರೆ ಮಗುವಿನ ಬಟ್ಟೆ ನೀಲಿ ಮೆತ್ತಿಕೊಂಡು ಬರುತ್ತದೆ. "ನೀನು ಓದಿ ಏನಾದ್ರೂ ಮಾಡ್ತೀಯ ಅಂತ ಕಾಯ್ತಿದೀನಿ ಕಣೇ" ಎನ್ನುತ್ತಿದ್ದಳು ಅಕ್ಕ. ತನ್ನ ಪದವಿಗೆ ಸಹಿ ಹಾಕಬೇಕಾದ ಕೈ ಇಲ್ಲಿ ಲೋಟದ ತಳ ಮುಚ್ಚಿಕೊಂಡಿತ್ತು. ಹಾಳಾಗಿ ಹೋಗಲಿ ಆ ಸಹಿ!

"ಕೊಡಿ ಸರ್ ಇಲ್ಲಿ."

ಕೊಡುವ ಮೊದಲೇ ಕಿತ್ತುಕೊಂಡಳು. ತಿಳಿನೀರನ್ನು ಬಸಿದು, ತಳದ ಪುಡಿಗೆ ಸ್ಪಿರಿಟ್ ಸುರಿದು ಜೋರಾಗಿ ಅಲ್ಲಾಡಿಸಿದಳು. ನೀಲಿ ಮೆಲ್ಲಗೆ ಬಿಟ್ಟುಕೊಂಡು ಲೋಟದ ತುಂಬ ಹರಡಿತು.

"ಮಾಯ ಆಗಿಲ್ಲ ಯಜಮಾನರೇ, ಅಡಗಿ ಕೂತಿತ್ತು. ಗುಂಡೀಲೂ ಇದೇ ಆಗೋದು, ಸ್ವಲ್ಪ ನಿಧಾನಕ್ಕೆ. ಇದನ್ನ ನಮ್ಮಕ್ಕನ ಬಾವಿ ಪಕ್ಕ ಸುರೀತೀರಾ?"

ಯಜಮಾನ ಲೋಟವನ್ನು ನೋಡಿದ, ಪ್ರೊಫೆಸರರನ್ನು ನೋಡಿದ, ಸರಸರನೆ ಹೊರಟುಹೋದ.

"ಆಚೆ ನಡಿ!" ಪ್ರೊಫೆಸರರ ದನಿ ಒಡೆಯಿತು. "ಇನ್ನು ಈ ಬಾಗಿಲು ತುಳೀಬೇಡ!"

"ಹೋಗ್ತೀನಿ ಸರ್. ಇದೊಂದು ಬೇಯಲಿ."

ಉಳಿದಿದ್ದ ಪುಡಿಯ ಬಟ್ಟಲನ್ನು ಮತ್ತೆ ಕುಲುಮೆಯೊಳಗೆ ತಳ್ಳಿ ಸ್ವಿಚ್ ಒತ್ತಿದಳು. ಸ್ಟೂಲ್ ಎಳೆದುಕೊಂಡು ಕುಲುಮೆಯ ಬಾಗಿಲಿಗೆ ಅಡ್ಡವಾಗಿ ಕೂತಳು. ಬೆನ್ನ ಹಿಂದೆ ಬಿಸಿ ನಿಧಾನವಾಗಿ ಏರತೊಡಗಿತು.