ಚಾಲಕರ ಹೆಸರು ಬರೆಯುವ ಜಾಗ

ಪೋರೂರಿನ ಆಸ್ಪತ್ರೆಯೊಂದರ ಸಿಬ್ಬಂದಿಗೆ ದಿನವೂ ಇನ್ನೂರೈವತ್ತು ಊಟ ಕಳಿಸುವ ಕರಾರು ಮನೆಗೆ ಬಂದಾಗ ವಿಮಲಾ ಹುಳಿಗೆ ಕಾಯಿ ರುಬ್ಬುತ್ತಿದ್ದಳು. ಹೋಟೆಲಿನ ಅಡುಗೆಮನೆಯ ಪರವಾನಗಿ ಅವಳ ಹೆಸರಿನಲ್ಲಿತ್ತು, ಹಾಗಾಗಿ ಸಹಿಯೂ ಅವಳದೇ ಬೇಕು. ಕೈ ಒರೆಸಿಕೊಂಡು ಕಾಗದಗಳನ್ನು ಮಗಳು ಪ್ರಣಮ್ಯಾಳಿಗೆ ಕೊಟ್ಟಳು.

“ಓದಿ ಹೇಳು ಮಗಾ. ಒಗ್ಗರಣೆ ಹಾಕಿ ಬರ್ತೇನೆ.”

ಪ್ರಣಮ್ಯಾ ಏಳನೇ ಪುಟದಲ್ಲಿ ನಿಂತಳು. ಊಟದ ವ್ಯಾನ್ ಓಡಿಸುವವರ ಹೆಸರನ್ನು ಅಲ್ಲಿ ಬರೆಯಬೇಕು. ಅವರಿಗೆ ಬಾಡಿಗೆ ವಾಹನದ ಲೈಸೆನ್ಸ್ ಇರಬೇಕು, ಮೂರು ವರ್ಷದ ಅನುಭವ ಬೇಕು. ಹೆಸರಿಲ್ಲದವರು ಒಂದು ದಿನ ಓಡಿಸಿದರೂ ಕರಾರು ರದ್ದು. ಆ ಲೈಸೆನ್ಸ್ ಪಡೆದು ಒಂದೂವರೆ ವರ್ಷದಿಂದ ವ್ಯಾನ್ ಓಡಿಸುತ್ತಿರುವವಳು ಪ್ರಣಮ್ಯಾಳೇ.

“ಮೋನಪ್ಪನ ಹೆಸರು ಹಾಕು. ಕಾಗದಕ್ಕೆ ಅವ, ರೋಡಿಗೆ ನೀನು. ಯಾರು ನೋಡ್ತಾರೆ ಮಾರಾಯ್ತಿ?” ಎಂದ ಅವಳಪ್ಪ ಜಯಪ್ರಕಾಶ.

ಅವನಿಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಅವರ ಹೋಟೆಲಿನ ಬೋರ್ಡು ತೀರಿಹೋದ ದೊಡ್ಡಪ್ಪನ ಹೆಸರಿನಲ್ಲಿ, ಕರೆಂಟು ಹಳೇ ಮಾಲೀಕನ ಹೆಸರಿನಲ್ಲಿ. ಕುಂದಾಪುರದಿಂದ ಈ ತಮಿಳರ ಊರಿಗೆ ಬಂದ ಮೇಲೆ ಹೆಸರು ಒಬ್ಬರದು, ದುಡಿತ ಇನ್ನೊಬ್ಬರದು ಎಂದೇ ಅವರ ಸಂಸಾರ ನಡೆದಿತ್ತು.

“ವೇಣಾಂಪ್ಪಾ, ಬೇಡ,” ಎಂದಳು ಪ್ರಣಮ್ಯಾ. “ನಾನು ಓಡಿಸೋದಾದ್ರೆ ನನ್ನ ಹೆಸರೇ ಇರ್ಲಿ.”

“ಮೂರು ವರ್ಷ ಎಲ್ಲಿಂದ ತರ್ತೀ? ಕರಾರೇ ಕೈತಪ್ಪುತ್ತೆ.”

ಅಷ್ಟರಲ್ಲಿ ಮೋನಪ್ಪ ಕಾಫಿಗೆಂದು ಒಳಗೆ ಬಂದ. ಇಪ್ಪತ್ತು ವರ್ಷ ವ್ಯಾನ್ ಓಡಿಸಿ, ಮೊಣಕಾಲು ನೋವೆಂದು ಈಗ ಒಲೆಯ ಮುಂದೆ ನಿಂತವನು. ಕೇಳಿದೊಡನೆ ಜೇಬಿನಿಂದ ಲೈಸೆನ್ಸ್ ತೆಗೆದುಕೊಟ್ಟ. ಪ್ರಣಮ್ಯಾ ಅದನ್ನು ಬೆಳಕಿಗೆ ಹಿಡಿದಳು.

“ಮೋನಪ್ಪಣ್ಣ, ಇದು ಮುಗಿದು ವರ್ಷದ ಮೇಲಾಯ್ತು.”

“ಎಂತ ಹೇಳ್ತಿ? ಎರಡು ಸಾವಿರದ ಮೂವತ್ತೊಂದರವರೆಗೆ ಅಂತ ಉಂಟಲ್ಲ?”

“ಅದು ಸ್ವಂತ ಕಾರಿಗೆ. ಬಾಡಿಗೆ ವಾಹನದ ತಾರೀಕು ಅದರ ಕೆಳಗಿದೆ.”

ಮೋನಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಎರಡು ತಾರೀಕು ಹಾಕಿ ಎಂತ ಮಾಡ್ಬೇಕು ಇವ್ರಿಗೆ!” ಎಂದು ಗೊಣಗಿ ಲೋಟ ಎತ್ತಿಕೊಂಡ. ಪ್ರಣಮ್ಯಾ ಚಾಲಕರ ಜಾಗದಲ್ಲಿ ತನ್ನ ಹೆಸರನ್ನೂ ಒಂದೂವರೆ ವರ್ಷವೆಂದೂ ಬರೆದಳು.

ಮರುದಿನ ತಾಯಿ ಮಗಳು ಇಬ್ಬರೂ ಆಸ್ಪತ್ರೆಗೆ ಹೋದರು. ಊಟದ ವ್ಯವಸ್ಥೆ ನೋಡುತ್ತಿದ್ದ ಶಿವರಂಜನ್ ಏಳನೇ ಪುಟ ಓದಿ ತಲೆಯೆತ್ತಿದ.

“ಅನುಭವ ಒಂದೂವರೆ ವರ್ಷ ಅಂತ ನೀವೇ ಬರೆದಿದ್ದೀರಲ್ಲಮ್ಮಾ. ನಾವು ಕೇಳಿದ್ದು ಮೂರು.”

“ಇರೋದನ್ನೇ ಬರ್ದೆ ಸಾರ್. ಮೂರಾಗೋವರೆಗೆ ಬೇಡ ಅಂದ್ರೆ ಕಾಯ್ತೀನಿ.” ಪ್ರಣಮ್ಯಾ ಒಂದು ನೋಟ್‌ಬುಕ್ ಮುಂದಿಟ್ಟಳು. ಪ್ರತಿದಿನ ಹೊರಟ ಹೊತ್ತು, ತಲುಪಿದ ಹೊತ್ತು, ಚೆಲ್ಲಿದ್ದರೆ ಎಷ್ಟು ಸಾಂಬಾರು ಚೆಲ್ಲಿತೆಂಬುದೂ ಅದರಲ್ಲಿತ್ತು. ವಿಮಲಾಳಿಗೇ ಅದು ಗೊತ್ತಿರಲಿಲ್ಲ.

ಶಿವರಂಜನ್ ಪುಟ ತಿರುವಿದ. ಒಂದು ಪುಟದಲ್ಲಿ ಬೆರಳಿಟ್ಟು ನಕ್ಕ. “ದೀಪಾವಳಿ ಮುಂಚಿನ ದಿನ ಅರ್ಧ ಲೀಟರ್. ಇದನ್ನೂ ಬರೆದಿದ್ದೀರಾ?” ಎಂದು ಎದ್ದ. “ಬನ್ನಿ, ಹಿಂದಿನ ಬಾಗಿಲಿಗೆ ವ್ಯಾನ್ ತನ್ನಿ.”

ಹಿಂದಿನ ಓಣಿಯಲ್ಲಿ ಒಂದು ಕಡೆ ಆಮ್ಲಜನಕದ ಸಿಲಿಂಡರುಗಳು, ಇನ್ನೊಂದು ಕಡೆ ಚರಂಡಿ. ಪ್ರಣಮ್ಯಾ ಎರಡು ಕನ್ನಡಿಗಳನ್ನೂ ನೋಡಿಕೊಂಡು ವ್ಯಾನನ್ನು ಹಿಂದಕ್ಕೆ ತಂದಳು. ಅರ್ಧ ದಾರಿಗೆ ನಿಲ್ಲಿಸಿ, ಇಳಿದು ನೋಡಿ, ಮತ್ತೆ ಹತ್ತಿದಳು. ಅವಸರವಿಲ್ಲ, ನಾಚಿಕೆಯೂ ಇಲ್ಲ. ವಿಮಲಾ ಸೆರಗಿನ ಅಂಚು ಹಿಡಿದುಕೊಂಡೇ ನಿಂತಿದ್ದಳು. ವ್ಯಾನ್ ಬಾಗಿಲಿಗೆ ಸರಿಯಾಗಿ ಕೂತಾಗಲೇ ಅದನ್ನು ಬಿಟ್ಟಳು.

“ಇಳಿದು ನೋಡ್ತಾಳಲ್ಲ, ಅದು ಸಾಕು,” ಎಂದ ಶಿವರಂಜನ್. ಮೇಲಧಿಕಾರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಏಳನೇ ಪುಟದಲ್ಲಿ ಮೂರು ವರ್ಷವನ್ನು ಹೊಡೆದು ಒಂದು ವರ್ಷ ಎಂದು ಬರೆದ. ಪಕ್ಕದಲ್ಲಿ ಅವನೂ ವಿಮಲಾಳೂ ಸಹಿ ಹಾಕಿದರು.

ಹೊರಗೆ ಬರುವಷ್ಟರಲ್ಲಿ ಜಯಪ್ರಕಾಶನ ಫೋನ್.

“ಎಂತಾಯ್ತು? ಕಡೆಗೆ ಯಾರ ಹೆಸರು ಹಾಕಿದ್ರು?”

“ಓಡಿಸುವವಳದ್ದೇ,” ಎಂದಳು ವಿಮಲಾ. “ಸೋಮವಾರದಿಂದ ಶುರು. ಅನ್ನಕ್ಕೆ ಅರ್ಧ ಗಂಟೆ ಮುಂಚೆ ಇಡಬೇಕು, ಮೋನಪ್ಪಂಗೆ ಹೇಳಿ.”